ಮಲೆನಾಡಿನ ಅಡುಗೆಮನೆಯಲ್ಲಿ ಮಾರ್ಮಲೇಡ್: ಕಿತ್ತಳೆ, ಹೇರಳೆ, ಚಕ್ಕೋತಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಬಂತು ಅಂದ್ರೆ ನಮ್ಮ ಮೂಡಿಗೆರೆ ಕಡೆ ಎರಡು ಕೆಲಸ ಒಟ್ಟಿಗೆ ಬರುತ್ತವೆ. ಕಣದಲ್ಲಿ ಕಾಫಿ ಒಣಗಬೇಕು. ಅಡುಗೆಮನೆ ಮೂಲೆಯ ಬುಟ್ಟಿಯಲ್ಲಿರುವ ಕಿತ್ತಳೆ ಮೆತ್ತಗಾಗುವ ಮೊದಲು ಖಾಲಿಯಾಗಬೇಕು. ಹಿತ್ತಲಿನ ಹೇರಳೆ ಮರದ ವಿಷಯ ಇನ್ನೂ ಬೇಜಾರು. ಉಪ್ಪಿನಕಾಯಿಗೆ ಹತ್ತು, ಚಿತ್ರಾನ್ನಕ್ಕೆ ನಾಲ್ಕು, ಪಕ್ಕದ ಮನೆಗೆ ಎಂಟು ಅಂತ ಕೊಟ್ಟ ಮೇಲೂ ಉಳಿದದ್ದು ಮರದ ಬುಡದಲ್ಲೇ ಬಿದ್ದು ಕೊಳೆಯುತ್ತದೆ.

ಹಾಗೆ ಬಿದ್ದ ಹಣ್ಣು ನೋಡಲಾಗದೆ ನಾನು ಮಾರ್ಮಲೇಡ್ ಮಾಡಲು ಶುರು ಮಾಡಿದೆ. ನಮ್ಮ ಕಡೆಗೆ ಇದು ಹೊಸ ತಿನಿಸೇನೂ ಅಲ್ಲ. ಬ್ರಿಟಿಷ್ ಪ್ಲಾಂಟರ್‌ಗಳ ಬೆಳಗಿನ ತಿಂಡಿಯ ಮೇಜಿನಲ್ಲಿ ಟೋಸ್ಟ್ ಪಕ್ಕ ಇದ್ದದ್ದೇ. ಆದರೆ ಅವರ ಪುಸ್ತಕಗಳು ಹೇಳುವ ಅಳತೆ ಅವರ ಊರಿನ ಹಣ್ಣಿಗೆ, ಅವರ ಊರಿನ ಎತ್ತರಕ್ಕೆ. ನಮ್ಮ ಹಣ್ಣು ಬೇರೆ, ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 1,000 ಮೀಟರ್ ಮೇಲೆ. ಈ ಎರಡು ವಿಷಯ ಗೊತ್ತಿಲ್ಲದೆ ನಾನು ಮೊದಲ ವರ್ಷ 3 ಕಿಲೋ ಸಕ್ಕರೆ ಹಾಳು ಮಾಡಿದೆ. ನಿಮಗೆ ಹಾಗಾಗಬಾರದು ಅಂತ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಜಾಮ್ ಅಲ್ಲ, ಮಾರ್ಮಲೇಡ್

ಜಾಮ್‌ನಲ್ಲಿ ಹಣ್ಣಿನ ತಿರುಳು ಮುಖ್ಯ. ಮಾರ್ಮಲೇಡ್‌ನಲ್ಲಿ ಸಿಪ್ಪೆ ಮುಖ್ಯ. ತಿಳಿಯಾದ, ನಡುಗುವ ಜೆಲ್ಲಿಯೊಳಗೆ ಬೆಂದ ಸಿಪ್ಪೆಯ ಎಳೆಗಳು ತೇಲದೆ, ಮುಳುಗದೆ ನಿಂತಿರಬೇಕು. ಬಾಯಿಗಿಟ್ಟರೆ ಮೊದಲು ಸಿಹಿ, ಆಮೇಲೆ ಹುಳಿ, ಕೊನೆಗೆ ಒಂದು ಸಣ್ಣ ಕಹಿ. ಆ ಕಹಿ ಇಲ್ಲದಿದ್ದರೆ ಅದು ಬರೀ ಕಿತ್ತಳೆ ಜಾಮ್.

ಹೆಸರಿನ ಮೂಲ ಪೋರ್ಚುಗೀಸ್ ಭಾಷೆಯ ಮಾರ್ಮೆಲೊ. ಅದು ಕಿತ್ತಳೆಯೇ ಅಲ್ಲ, ಕ್ವಿನ್ಸ್ ಅನ್ನುವ ಹಣ್ಣಿನ ಹೆಸರು. ಆ ಹಣ್ಣಿನ ಗಟ್ಟಿ ಹಲ್ವದಂಥ ತಿನಿಸು ಮಾರ್ಮೆಲಾಡ. ಆ ಹೆಸರು ಬ್ರಿಟನ್‌ಗೆ ಹೋಗಿ ಕಿತ್ತಳೆಗೆ ಅಂಟಿಕೊಂಡಿತು. ಸ್ಕಾಟ್ಲೆಂಡಿನ ಡಂಡಿ ಊರಿನ ಕೀಲರ್ ಮನೆತನ 1797ರಲ್ಲಿ ಇದನ್ನು ವ್ಯಾಪಾರಕ್ಕಿಳಿಸಿತು ಅಂತ ಹೇಳುತ್ತಾರೆ. 1874ರಲ್ಲಿ ಆಕ್ಸ್‌ಫರ್ಡ್‌ನ ಸಾರಾ ಕೂಪರ್ ದಪ್ಪ ಸಿಪ್ಪೆಯ, ಗಾಢ ಬಣ್ಣದ ಬಗೆಯನ್ನು ಮಾಡಿದರು. ಇಬ್ಬರೂ ಬಳಸಿದ್ದು ಸ್ಪೇನಿನ ಸೆವಿಲ್ ಕಿತ್ತಳೆ. ಹಾಗೇ ತಿನ್ನಲಾಗದಷ್ಟು ಹುಳಿ, ಕಹಿ. ನಮ್ಮ ಹೇರಳೆಕಾಯಿಯನ್ನು ನೆನೆಸಿಕೊಳ್ಳಿ. ಗುಣ ಹೆಚ್ಚು ಕಡಿಮೆ ಅದೇ.

ಗಟ್ಟಿಯಾಗುವುದು ಹೇಗೆ

ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಹುಳಿ ಹಣ್ಣುಗಳ ಸಿಪ್ಪೆಯ ಒಳಗಿನ ಬಿಳಿ ಪದರದಲ್ಲಿ, ತೊಳೆಯ ಪೊರೆಯಲ್ಲಿ, ಬೀಜದ ಸುತ್ತ ಪೆಕ್ಟಿನ್ ಅನ್ನುವ ಅಂಟು ಇರುತ್ತದೆ. ನೀರಿನಲ್ಲಿ ನಿಧಾನವಾಗಿ ಬೇಯಿಸಿದರೆ ಅದು ಹೊರಗೆ ಬರುತ್ತದೆ. ಆದರೆ ತಾನಾಗಿ ಗಟ್ಟಿಯಾಗುವುದಿಲ್ಲ. ಪೆಕ್ಟಿನ್ ಎಳೆಗಳ ಸುತ್ತ ಇರುವ ನೀರನ್ನು ಸಕ್ಕರೆ ಎಳೆದುಕೊಳ್ಳಬೇಕು. ಎಳೆಗಳು ಒಂದನ್ನೊಂದು ದೂರ ತಳ್ಳದ ಹಾಗೆ ಹುಳಿ ನೋಡಿಕೊಳ್ಳಬೇಕು. ಆಗ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ, ರಸ ಆ ಬಲೆಯಲ್ಲಿ ನಿಲ್ಲುತ್ತದೆ. ಪೆಕ್ಟಿನ್, ಹುಳಿ, ಸಕ್ಕರೆ. ಮೂರರಲ್ಲಿ ಒಂದು ಕಡಿಮೆಯಾದರೂ ನಿಮಗೆ ಸಿಗುವುದು ಪಾನಕ.

ಸಕ್ಕರೆ ಕರಗಿ ಕುದಿದು ಒಟ್ಟು 65 ಶೇಕಡದಷ್ಟು ಗಟ್ಟಿ ಅಂಶ ಆದಾಗ ಮಾರ್ಮಲೇಡ್ ಹದಕ್ಕೆ ಬರುತ್ತದೆ. ಆ ಹದದಲ್ಲಿ ಅದು ನೀರು ಕುದಿಯುವ ಬಿಸಿಗಿಂತ ಸುಮಾರು 4ರಿಂದ 4.5 ಡಿಗ್ರಿ ಹೆಚ್ಚು ಬಿಸಿಯಲ್ಲಿ ಕುದಿಯುತ್ತದೆ.

ನಾನು ಎಡವಿದ್ದು ಇಲ್ಲೇ. ಪುಸ್ತಕದಲ್ಲಿ 105 ಡಿಗ್ರಿ ಅಂತ ಇತ್ತು. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಹಾಗಾಗಿ ಅಲ್ಲಿ 104, 105 ಸರಿ. ಆದರೆ 300 ಮೀಟರ್ ಮೇಲೇರಿದರೆ ಕುದಿಯುವ ಬಿಸಿ ಹತ್ತಿರ ಹತ್ತಿರ 1 ಡಿಗ್ರಿ ಇಳಿಯುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಹಾಸನ ಎಲ್ಲವೂ 900ರಿಂದ 1,100 ಮೀಟರ್ ಎತ್ತರದಲ್ಲಿವೆ. ಇಲ್ಲಿ ನೀರು ಸುಮಾರು 96.5 ಡಿಗ್ರಿಗೇ ಕುದಿಯುತ್ತದೆ. ಅಂದರೆ ನಮ್ಮ ಮಾರ್ಮಲೇಡ್ 101 ಡಿಗ್ರಿ ಆಸುಪಾಸಿನಲ್ಲೇ ಆಗಿಹೋಗುತ್ತದೆ. ನಾನು 105 ಬರಲಿ ಅಂತ ಕಾಯುತ್ತಾ ನಿಂತೆ. ಬಣ್ಣ ಕಂದಾಯಿತು, ಬುಡದಲ್ಲಿ ಗುಳ್ಳೆಗಳು ಭಾರವಾಗಿ ಒಡೆಯತೊಡಗಿದವು, ಸಿಪ್ಪೆ ಚರ್ಮದ ಹಾಗಾಯಿತು. ಮಾರನೇ ದಿನ ಬಾಟಲಿಗೆ ಚಮಚ ಹಾಕಿದರೆ ಚಮಚವೇ ಇಳಿಯಲಿಲ್ಲ. ನಮ್ಮ ಅತ್ತೆ ಬಂದು ನೋಡಿ, "ಇದು ಚಿಕ್ಕಿ ಪಾಕಕ್ಕೆ ಹೋಗಿದೆ ಕಣಮ್ಮಾ, ಇನ್ನೂ ಸ್ವಲ್ಪ ಮುಂಚೆ ಇಳಿಸಬೇಕಿತ್ತು" ಅಂದರು. ಥರ್ಮಾಮೀಟರ್ ನೋಡದೆಯೇ ಅವರಿಗೆ ಕಣ್ಣಿಗೆ ಕಂಡಿತ್ತು.

ಆದ್ದರಿಂದ ನಿಮ್ಮ ಮನೆಯಲ್ಲಿ ಒಂದು ಸಲ ಈ ಕೆಲಸ ಮಾಡಿ. ಅಡುಗೆಯ ಥರ್ಮಾಮೀಟರನ್ನು ಬರೀ ನೀರು ಚೆನ್ನಾಗಿ ಕುದಿಯುವಾಗ ಅದ್ದಿ. ಬಂದ ಅಂಕಿಗೆ 4.5 ಕೂಡಿಸಿ. ಆ ಅಂಕಿಯನ್ನು ಅಡುಗೆಮನೆ ಗೋಡೆಗೆ ಬರೆದು ಅಂಟಿಸಿ. ಥರ್ಮಾಮೀಟರಿನಲ್ಲೇ ಒಂದೆರಡು ಡಿಗ್ರಿ ತಪ್ಪಿದ್ದರೆ ಅದೂ ಇದರಲ್ಲೇ ಸರಿಹೋಗುತ್ತದೆ.

ಹಣ್ಣು ಆರಿಸುವುದು

ಕಾಫಿ ಗಿಡಗಳ ನಡುವೆ ಬೆಳೆಯುವ ನಮ್ಮ ಕಿತ್ತಳೆಯನ್ನು ಮಾರುಕಟ್ಟೆಯಲ್ಲಿ ಕೊಡಗಿನ ಕಿತ್ತಳೆ ಅಂತಲೇ ಕರೆಯುತ್ತಾರೆ. ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಕೊಡಗು, ಹಾಸನ, ಚಿಕ್ಕಮಗಳೂರು ಮೂರೂ ಜಿಲ್ಲೆಗಳ ತೋಟಗಳಲ್ಲಿ ಇದು ಇದೆ. ಹಣ್ಣಾದರೂ ಹಸಿರು ಮಿಶ್ರಿತ ಹಳದಿ ಬಣ್ಣ. ಸಿಪ್ಪೆ ತೆಳು, ತೊಳೆಗೆ ಅಂಟಿಕೊಂಡಿರುತ್ತದೆ. ರುಚಿ ಸಿಹಿ ಹುಳಿ ಎರಡೂ. ಗ್ರೀನಿಂಗ್ ಅನ್ನುವ ರೋಗಕ್ಕೆ, ಬೇರು ಕೊಳೆಗೆ ಸಿಕ್ಕಿ ಎಷ್ಟೋ ತೋಟಗಳಲ್ಲಿ ಈ ಮರಗಳು ಹೋಗಿಬಿಟ್ಟವು. ಉಳಿದ ಮರದ ಹಣ್ಣು ಸಿಕ್ಕರೆ ಬಿಡಬೇಡಿ. ನಾಗಪುರದ ಕಿತ್ತಳೆಗಿಂತ ಇದರ ಸಿಪ್ಪೆಯ ಪರಿಮಳ ನನಗೆ ಜಾಸ್ತಿ ಇಷ್ಟ.

ಆದರೆ ಇದರಲ್ಲೊಂದು ಕೊರತೆ ಇದೆ. ಸಿಪ್ಪೆ ತೆಳುವಾದ್ದರಿಂದ ಬಿಳಿ ಪದರ ಕಡಿಮೆ, ಪೆಕ್ಟಿನ್ ಕಡಿಮೆ. ಹುಳಿಯೂ ಸೆವಿಲ್‌ನಷ್ಟು ಇಲ್ಲ. ಕಿತ್ತಳೆ ಒಂದನ್ನೇ ಹಾಕಿದರೆ ಎಷ್ಟು ಕುದಿಸಿದರೂ ಸಡಿಲವಾಗಿಯೇ ಇರುತ್ತದೆ. ಅದಕ್ಕೇ ಹೇರಳೆಕಾಯಿ ಬೇಕು. ಹೇರಳೆಯ ದಪ್ಪ ಸಿಪ್ಪೆ ಪೆಕ್ಟಿನ್ ಕೊಡುತ್ತದೆ, ರಸ ಹುಳಿ ಕೊಡುತ್ತದೆ, ಮಾರ್ಮಲೇಡ್‌ಗೆ ಬೇಕಾದ ಕಹಿಯನ್ನೂ ಅದೇ ಕೊಡುತ್ತದೆ. ಹೇರಳೆ ಸಿಗದಿದ್ದರೆ ಗಜನಿಂಬೆ ಅಥವಾ ಕಂಚಿಕಾಯಿ ಹಾಕಿ.

ತುಂಬಾ ಹಣ್ಣಾಗಿ ಮೆತ್ತಗಾದದ್ದು ಬೇಡ. ಕಾಯಿ ಬಲಿತು ಹಣ್ಣಾಗುತ್ತಿರುವ ಹಂತದಲ್ಲಿ ಪೆಕ್ಟಿನ್, ಹುಳಿ ಎರಡೂ ಚೆನ್ನಾಗಿರುತ್ತವೆ. ಅಂಗಡಿಯ ಹಣ್ಣಾದರೆ ಮೇಲೆ ಮೇಣ ಹಚ್ಚಿರಬಹುದು. ಬಿಸಿನೀರಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿ, ತೆಂಗಿನ ನಾರಿನಿಂದ ಮೃದುವಾಗಿ ಉಜ್ಜಿ ತೊಳೆಯಿರಿ. ಇಲ್ಲಿ ಸಿಪ್ಪೆಯನ್ನೇ ತಿನ್ನುತ್ತೇವೆ ಅನ್ನುವುದು ನೆನಪಿರಲಿ.

ಅಳತೆ ಮತ್ತು ಪಾತ್ರೆ

ಇದು ನಾನು ಪ್ರತಿ ವರ್ಷ ಮಾಡುವ ಮೂಲ ಅಳತೆ. ಕಿತ್ತಳೆ 1 ಕಿಲೋ, ಹೇರಳೆಕಾಯಿ 250 ಗ್ರಾಂ, ನಿಂಬೆರಸ 100 ಮಿಲಿಲೀಟರ್ (ಆರು ನಿಂಬೆಹಣ್ಣು ಸಾಕು), ನೀರು ಒಂದೂವರೆ ಲೀಟರ್, ಸಕ್ಕರೆ 1,200 ಗ್ರಾಂ. ಕೊನೆಗೆ ಸಿಗುವುದು ಸುಮಾರು 2 ಕಿಲೋ, ಅಂದರೆ 250 ಗ್ರಾಂನ ಎಂಟು ಬಾಟಲಿ.

ಒಂದೇ ಸಲಕ್ಕೆ ಎರಡು, ಮೂರು ಪಟ್ಟು ಮಾಡಲು ಹೋಗಬೇಡಿ. ಪ್ರಮಾಣ ಹೆಚ್ಚಾದಷ್ಟೂ ಸಕ್ಕರೆ ಹಾಕಿದ ಮೇಲೆ ಕುದಿಯುವ ಹೊತ್ತು ಉದ್ದವಾಗುತ್ತದೆ. ಬಹಳ ಹೊತ್ತು ಕುದಿದರೆ ಪೆಕ್ಟಿನ್ ಮುರಿದು ಹೋಗುತ್ತದೆ, ಬಣ್ಣ ಕಪ್ಪಾಗುತ್ತದೆ.

ಪಾತ್ರೆ ಅಗಲ ಬಾಯಿಯದ್ದು, ಗಟ್ಟಿ ತಳದ ಸ್ಟೀಲಿನದ್ದು ಇರಲಿ. ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಕುದಿಯುವಾಗ ಹಾಲಿನ ಹಾಗೆ ಉಕ್ಕಿ ಬರುತ್ತದೆ. ಅಲ್ಯೂಮಿನಿಯಂ ಡಬರಿ ಬೇಡ, ಕಲಾಯಿ ಹೋದ ಹಿತ್ತಾಳೆ ಪಾತ್ರೆ ಬೇಡವೇ ಬೇಡ. ಇಷ್ಟು ಹುಳಿ ಲೋಹವನ್ನು ತಿನ್ನುತ್ತದೆ. ಉದ್ದ ಹಿಡಿಯ ಮರದ ಸೌಟು, ಹಳೇ ಪಂಚೆಯ ಒಗೆದ ಬಿಳಿ ತುಂಡು, ಒಂದು ತಕ್ಕಡಿ. ಇಷ್ಟು ಸಾಕು.

ಮೊದಲ ದಿನ: ಹೆಚ್ಚುವುದು, ನೆನೆಸುವುದು

ಕಿತ್ತಳೆಯ ಸಿಪ್ಪೆ ಸುಲಿಯಿರಿ. ಸಿಪ್ಪೆಯನ್ನು ಒಂದರ ಮೇಲೊಂದು ಇಟ್ಟು ಸಣ್ಣ ಎಳೆಗಳಾಗಿ ಹೆಚ್ಚಿ. ಬೆಂಕಿಕಡ್ಡಿಯಷ್ಟು ದಪ್ಪ, ಅದರಷ್ಟೇ ಉದ್ದ ಇದ್ದರೆ ಚೆಂದ. ಈ ಕೆಲಸಕ್ಕೆ ಈಳಿಗೆಮಣೆಗಿಂತ ಹರಿತವಾದ ಚಾಕು ಒಳ್ಳೆಯದು. ಬೇಯುವಾಗ ಸಿಪ್ಪೆ ಸ್ವಲ್ಪ ಹಿಗ್ಗುತ್ತದೆ, ಆದ್ದರಿಂದ ನಿಮಗೆ ಬೇಕಾದ್ದಕ್ಕಿಂತ ತುಸು ಸಣ್ಣಗೇ ಇರಲಿ. ಒಂದು ಗಂಟೆಯಾದರೂ ಹಿಡಿಯುತ್ತದೆ. ಸಂಜೆ ಮನೆಯವರೆಲ್ಲ ಮಾತಾಡುತ್ತಾ ಕೂತಾಗ ಮಾಡಿ, ಬೇಸರ ಆಗುವುದಿಲ್ಲ.

ಹೇರಳೆಯನ್ನು ಅರ್ಧಕ್ಕೆ ಕೊಯ್ದು ರಸ ಹಿಂಡಿ. ಸಿಪ್ಪೆಯನ್ನು ಬಿಳಿ ಪದರದ ಸಮೇತ ತೆಳ್ಳಗೆ ಹೆಚ್ಚಿ. ಕಿತ್ತಳೆ ತೊಳೆಗಳಿಂದ ತಿರುಳು ಬಿಡಿಸಿ ರಸದ ಜೊತೆ ಪಾತ್ರೆಗೆ ಹಾಕಿ. ಉಳಿದ ಪೊರೆ, ನಾರು, ಬೀಜ ಒಂದನ್ನೂ ಎಸೆಯಬೇಡಿ. ಎಲ್ಲವನ್ನೂ ಬಟ್ಟೆಯಲ್ಲಿ ಕಟ್ಟಿ, ಸಡಿಲವಾದ ಗಂಟು ಮಾಡಿ. ನೀರು ಒಳಗೆ ಓಡಾಡಬೇಕು.

ಸಿಪ್ಪೆ, ತಿರುಳು, ಹೇರಳೆ ರಸ, ನೀರು, ಬಟ್ಟೆಯ ಗಂಟು ಎಲ್ಲ ಒಂದೇ ಪಾತ್ರೆಗೆ ಹಾಕಿ ರಾತ್ರಿ ಇಡೀ ಮುಚ್ಚಿಡಿ. ನಿಂಬೆರಸ ಈಗ ಬೇಡ. ಬೆಳಿಗ್ಗೆ ನೋಡಿದರೆ ಬೀಜದ ಗಂಟಿನ ಸುತ್ತ ನೀರು ಲೋಳೆಲೋಳೆಯಾಗಿರುತ್ತದೆ. ಪೆಕ್ಟಿನ್ ಹೊರಡಲು ಶುರುವಾಗಿದೆ ಅಂತ ಅರ್ಥ.

ಎರಡನೇ ದಿನ: ಸಿಪ್ಪೆ ಬೇಯಿಸುವುದು

ಇಡೀ ಕೆಲಸದಲ್ಲಿ ಜನ ಅವಸರ ಮಾಡುವುದು ಇಲ್ಲಿ, ಕೆಡುವುದೂ ಇಲ್ಲೇ. ಸಣ್ಣ ಉರಿಯಲ್ಲಿ, ಮುಚ್ಚಳ ಅರ್ಧ ಮುಚ್ಚಿ, ಒಂದರಿಂದ ಒಂದೂವರೆ ಗಂಟೆ ಬೇಯಿಸಿ. ನಮ್ಮ ಎತ್ತರದಲ್ಲಿ ನೀರಿನ ಬಿಸಿಯೇ ಕಡಿಮೆ, ಹಾಗಾಗಿ ಪುಸ್ತಕ ಹೇಳಿದ್ದಕ್ಕಿಂತ ಕಾಲು ಗಂಟೆ ಜಾಸ್ತಿ ಹಿಡಿದರೆ ಗಾಬರಿ ಬೇಡ. ಒಂದು ಎಳೆ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ. ಬೆಂದ ಅವರೆಕಾಳಿನ ಹಾಗೆ ಅದು ಪೂರ್ತಿ ಹಿಸುಕಿ ಹೋಗಬೇಕು. ಸ್ವಲ್ಪ ಗಟ್ಟಿ ಅನ್ನಿಸಿದರೂ ಇನ್ನೂ ಬೇಯಲಿ. ಯಾಕೆಂದರೆ ಸಕ್ಕರೆ ಹಾಕಿದ ಕ್ಷಣದಿಂದ ಸಿಪ್ಪೆ ಮತ್ತೆ ಮೆತ್ತಗಾಗುವುದಿಲ್ಲ. ಸಕ್ಕರೆ ಅದರೊಳಗಿನ ನೀರನ್ನು ಹೊರಗೆಳೆದು ಬಿಗಿ ಮಾಡುತ್ತದೆ. ಗಟ್ಟಿ ಸಿಪ್ಪೆಯ ಮಾರ್ಮಲೇಡ್ ಎಷ್ಟು ಕುದಿಸಿದರೂ ಗಟ್ಟಿಯೇ.

ಹೊತ್ತು ಇಲ್ಲದವರು ಕುಕ್ಕರ್‌ನಲ್ಲಿ ಮಾಡಬಹುದು. ಎರಡು ಕೂಗು, ಆಮೇಲೆ ಸಣ್ಣ ಉರಿಯಲ್ಲಿ 10 ನಿಮಿಷ, ತಾನಾಗಿ ಆವಿ ಇಳಿಯಲಿ. ಕುಕ್ಕರ್‌ನಲ್ಲಿ ನೀರು ಆವಿಯಾಗುವುದು ಕಡಿಮೆ, ಆದ್ದರಿಂದ ಒಂದೂವರೆ ಲೀಟರ್ ಬದಲು ಒಂದು ಲೀಟರ್ ಸಾಕು. ಸ್ಟೀಲ್ ಕುಕ್ಕರ್ ಇದ್ದರೆ ಮಾತ್ರ ಮಾಡಿ.

ಸಿಪ್ಪೆ ಬೆಂದ ಮೇಲೆ ಗಂಟನ್ನು ಜರಡಿಯ ಮೇಲೆ ತೆಗೆದಿಟ್ಟು ಆರಲು ಬಿಡಿ. ಕೈ ತಡೆಯುವಷ್ಟು ಬಿಸಿಗೆ ಬಂದಾಗ ಎರಡೂ ಕೈಯಲ್ಲಿ ಹಿಡಿದು ಹಿಂಡಿ. ಮೊದಲು ಸಾದಾ ನೀರು ಬರುತ್ತದೆ. ಇಷ್ಟೇನಾ ಅಂದುಕೊಂಡು ಬಿಡಬೇಡಿ. ತಿರುಚಿ ತಿರುಚಿ ಹಿಂಡಿದರೆ ಬಟ್ಟೆಯ ಎಳೆಗಳ ಸಂದಿನಿಂದ ದಪ್ಪನೆಯ, ಗಂಜಿಯಂಥ ಮಸುಕು ಲೋಳೆ ಒಸರುತ್ತದೆ. ಬೆರಳಿಂದ ಬಳಿದು ತೆಗೆದು ಪಾತ್ರೆಗೆ ಹಾಕಿ. ಮತ್ತೆ ಹಿಂಡಿ. ನಾಲ್ಕೈದು ಚಮಚ ಸಿಗುತ್ತದೆ. ನಿಮ್ಮ ಮಾರ್ಮಲೇಡ್ ನಿಲ್ಲುವುದು, ನಿಲ್ಲದಿರುವುದು ಆ ನಾಲ್ಕೈದು ಚಮಚದಲ್ಲಿದೆ.

ಪೆಕ್ಟಿನ್ ಸಾಕಷ್ಟು ಇದೆಯಾ ಅಂತ ನೋಡಲು ಒಂದು ಪರೀಕ್ಷೆ ಇದೆ. ಆರಿದ ರಸ ಒಂದು ಚಮಚಕ್ಕೆ ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಮೂರು ಚಮಚ ಹಾಕಿ ಲೋಟವನ್ನು ಮೆಲ್ಲಗೆ ಅಲ್ಲಾಡಿಸಿ. ಒಂದು ನಿಮಿಷದಲ್ಲಿ ಒಂದೇ ಗಟ್ಟಿ ಮುದ್ದೆಯಾದರೆ ಪೆಕ್ಟಿನ್ ಚೆನ್ನಾಗಿದೆ. ಪುಡಿಪುಡಿಯಾಗಿ ಒಡೆದರೆ ಕಡಿಮೆ. ಆಗ ಇನ್ನರ್ಧ ಗಂಟೆ ಬೇಯಿಸಿ ನೀರು ಇಂಗಿಸಿ. ಸ್ಪಿರಿಟ್ ವಿಷ, ರುಚಿ ನೋಡಬಾರದು. ಪರೀಕ್ಷೆ ಮಾಡಿದ್ದನ್ನು ಚೆಲ್ಲಿ ಲೋಟ ತೊಳೆಯಿರಿ. ಒಲೆಯಿಂದ ದೂರವೇ ಮಾಡಿ, ಮಕ್ಕಳ ಕೈಗೆ ಸಿಗದಿರಲಿ.

ಸಕ್ಕರೆ, ಕುದಿ, ಹದ

ಈ ಹೊತ್ತಿಗೆ ಪಾತ್ರೆಯಲ್ಲಿ ಸುಮಾರು 1,600 ಗ್ರಾಂ ಇರಬೇಕು. ನಾನು ಖಾಲಿ ಪಾತ್ರೆಯ ತೂಕವನ್ನು ಮೊದಲೇ ಬರೆದಿಟ್ಟುಕೊಳ್ಳುತ್ತೇನೆ. ಆ ಒಂದು ಅಂಕಿ ಆಮೇಲೆ ತುಂಬಾ ಉಪಯೋಗಕ್ಕೆ ಬರುತ್ತದೆ.

ನಿಂಬೆರಸ, ಸಕ್ಕರೆ ಹಾಕಿ. ಉರಿ ಸಣ್ಣದಿರಲಿ. ಸೌಟಿನಿಂದ ತಳ ಕೆದಕುತ್ತಾ ಒಂದು ಕಾಳೂ ಉಳಿಯದ ಹಾಗೆ ಕರಗಿಸಿ. ಕರಗುವ ಮೊದಲೇ ಕುದಿ ಬಂದರೆ ಮುಂದೆ ಬಾಟಲಿಯಲ್ಲಿ ಕಲ್ಲುಸಕ್ಕರೆಯ ಹಾಗೆ ಹರಳು ಕಟ್ಟುತ್ತದೆ. ಪಾತ್ರೆಯ ಅಂಚಿಗೆ ಅಂಟಿದ ಸಕ್ಕರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಳಗೆ ತಳ್ಳಿ.

ಕರಗಿದ ಮೇಲೆ ಉರಿ ಪೂರ್ತಿ ಜೋರು ಮಾಡಿ. ಈಗ ನಿಧಾನ ಬೇಡ. ಬೇಗ ಕುದಿದಷ್ಟೂ ಬಣ್ಣ, ಪರಿಮಳ ಎರಡೂ ಉಳಿಯುತ್ತವೆ. ಶುರುವಿನಲ್ಲಿ ಬಿಳಿ ನೊರೆ ಉಕ್ಕುತ್ತದೆ, ಗುಳ್ಳೆ ಸಣ್ಣದಿರುತ್ತದೆ. ಹತ್ತು ನಿಮಿಷದ ಮೇಲೆ ನೊರೆ ಇಳಿದು ಗುಳ್ಳೆ ದೊಡ್ಡದಾಗುತ್ತದೆ, ಹೊಳಪು ಬರುತ್ತದೆ, ಒಡೆಯುವ ಸದ್ದು ಬದಲಾಗುತ್ತದೆ. ಅಲ್ಲಿಂದ ಒಲೆ ಬಿಟ್ಟು ಕದಲಬೇಡಿ. ಸಾಮಾನ್ಯವಾಗಿ 20ರಿಂದ 30 ನಿಮಿಷದಲ್ಲಿ ಹದ ಬರುತ್ತದೆ. ಆದರೆ ಗಡಿಯಾರ ನಂಬಿ ಇಳಿಸಬೇಡಿ.

ಹದ ನೋಡಲು ನಾಲ್ಕು ದಾರಿ ಇವೆ. ನಾನು ಎರಡನ್ನಾದರೂ ಒಟ್ಟಿಗೆ ನೋಡುತ್ತೇನೆ. ಥರ್ಮಾಮೀಟರ್ ಒಂದು, ನಿಮ್ಮ ನೀರಿನ ಕುದಿಗೆ 4.5 ಕೂಡಿಸಿದ ಅಂಕಿ. ಎರಡನೆಯದು ತಟ್ಟೆ. ಸ್ಟೀಲ್ ತಟ್ಟೆಯನ್ನು ಮೊದಲೇ ಫ್ರೀಜರ್‌ನಲ್ಲಿಟ್ಟಿರಿ. ಅದರ ಮೇಲೆ ಅರ್ಧ ಚಮಚ ಹಾಕಿ, ಒಂದು ನಿಮಿಷ ಬಿಟ್ಟು ಬೆರಳಿಂದ ಮೆಲ್ಲಗೆ ತಳ್ಳಿ. ಹಾಲಿನ ಕೆನೆ ಸುಕ್ಕಾಗುವ ಹಾಗೆ ಮೇಲ್ಮೈ ಸುಕ್ಕಾಗಬೇಕು, ಬೆರಳು ಹೋದ ದಾರಿ ಕೂಡಿಕೊಳ್ಳಬಾರದು. ತಟ್ಟೆಯ ಮೇಲೆ ಹಾಕಿದಾಗಲೆಲ್ಲ ಒಲೆ ಆರಿಸಿ. ಕಾಯುವ ಆ ಒಂದು ನಿಮಿಷದಲ್ಲೇ ಹದ ದಾಟಿಹೋಗುತ್ತದೆ. ಮೂರನೆಯದು ಸೌಟು. ಸೌಟನ್ನು ಓರೆ ಹಿಡಿದರೆ ಹನಿಗಳು ಬೇರೆ ಬೇರೆ ಬೀಳದೆ ಅಂಚಿನಲ್ಲಿ ಎರಡು ಹನಿ ಕೂಡಿ ಒಂದು ಹಾಳೆಯ ಹಾಗೆ ಜಾರಬೇಕು. ಬೆಲ್ಲದ ಎಳೆಪಾಕ ನೋಡಿ ಅಭ್ಯಾಸ ಇರುವವರು ಇಲ್ಲಿ ಎಚ್ಚರ. ಬೆರಳಲ್ಲಿ ಎಳೆ ಬರುವ ತನಕ ಕಾದರೆ ಅದು ಮಾರ್ಮಲೇಡ್‌ಗೆ ಜಾಸ್ತಿಯಾಯಿತು.

ನಾಲ್ಕನೆಯದು ತೂಕ, ನನಗೆ ಅತಿ ನಂಬಿಕೆ ಇದರ ಮೇಲೆ. ಆದ ಮಾರ್ಮಲೇಡ್‌ನ ತೂಕದಲ್ಲಿ 60 ಶೇಕಡ ನೀವು ಹಾಕಿದ ಸಕ್ಕರೆ ಇರಬೇಕು. 1,200 ಗ್ರಾಂ ಸಕ್ಕರೆ ಹಾಕಿದ್ದರೆ 2,000 ಗ್ರಾಂಗೆ ನಿಲ್ಲಿಸಿ. ಪಾತ್ರೆ ಸಮೇತ ತೂಗಿ ಪಾತ್ರೆಯ ತೂಕ ಕಳೆಯಿರಿ. ತಕ್ಕಡಿಯ ಮೇಲೆ ಮರದ ಹಲಗೆ ಇಟ್ಟುಕೊಳ್ಳಿ, ಮತ್ತೆ ಬಿಸಿ ಪಾತ್ರೆ ಎತ್ತಲು ಇನ್ನೊಬ್ಬರ ಕೈ ಇರಲಿ. ಈ ಪಾಕ ಮೈಮೇಲೆ ಬಿದ್ದರೆ ಕುದಿಯುವ ನೀರಿಗಿಂತ ಕೆಟ್ಟದಾಗಿ ಸುಡುತ್ತದೆ, ಅಂಟಿಕೊಳ್ಳುತ್ತದೆ.

ಬಾಟಲಿಗೆ ತುಂಬುವುದು

ಹದ ಬಂದ ಕೂಡಲೇ ಸುರಿಯಬೇಡಿ. 10ರಿಂದ 15 ನಿಮಿಷ ಹಾಗೇ ಬಿಡಿ, ಮೇಲಿನ ನೊರೆ ತೆಗೆಯಿರಿ, ಆಮೇಲೆ ಒಮ್ಮೆ ಮೆಲ್ಲಗೆ ಕಲಸಿ. ಅಷ್ಟರಲ್ಲಿ ಪಾಕ ಸ್ವಲ್ಪ ಬಿಗಿದು ಸಿಪ್ಪೆಯನ್ನು ಹಿಡಿದುಕೊಳ್ಳುತ್ತದೆ. ಬಿಸಿಬಿಸಿಯಲ್ಲೇ ತುಂಬಿದರೆ ಸಿಪ್ಪೆಯೆಲ್ಲ ಮೇಲೆ ತೇಲಿ ಕೆಳಗೆ ಬರೀ ಜೆಲ್ಲಿ ಉಳಿಯುತ್ತದೆ.

ಗಾಜಿನ ಬಾಟಲಿಗಳನ್ನು ನೀರಿನಲ್ಲಿ ಮುಳುಗಿಸಿ 15 ನಿಮಿಷ ಕುದಿಸಿರಬೇಕು. ಕರಾವಳಿಯ ಊರುಗಳಿಗಿಂತ ನಮಗೆ ಇಲ್ಲೂ ಮೂರ್ನಾಲ್ಕು ನಿಮಿಷ ಹೆಚ್ಚು ಬೇಕು, ಕಾರಣ ಅದೇ ಎತ್ತರ. ಬಾಟಲಿ ಬಿಸಿ ಇರುವಾಗಲೇ ಬಿಸಿ ಮಾರ್ಮಲೇಡ್ ತುಂಬಿ. ತಣ್ಣನೆ ಗಾಜಿಗೆ ಹಾಕಿದರೆ ಒಡೆಯುತ್ತದೆ. ಅಂಚನ್ನು ಶುದ್ಧ ಬಟ್ಟೆಯಿಂದ ಒರೆಸಿ ಮುಚ್ಚಳ ಬಿಗಿಯಿರಿ. ಸಂಜೆ ತನಕ ಅಲ್ಲಾಡಿಸಬೇಡಿ. ಕಿತ್ತಳೆ ಮಾರ್ಮಲೇಡ್ ಪೂರ್ತಿ ನಿಲ್ಲಲು ಒಂದೆರಡು ದಿನ ಬೇಕು. ಮೊದಲ ದಿನವೇ ನೀರು ನೀರು ಅಂತ ಮತ್ತೆ ಕುದಿಸಲು ಹೋಗಬೇಡಿ.

ಬಗೆಗಳು

ಹೇರಳೆ ಒಂದರಲ್ಲೇ ಮಾಡಿದ ಮಾರ್ಮಲೇಡ್ ನನ್ನ ಪ್ರಕಾರ ಎಲ್ಲಕ್ಕಿಂತ ಮೇಲು. ಸೆವಿಲ್ ಮಾರ್ಮಲೇಡ್‌ನ ಗಾಂಭೀರ್ಯ ಅದಕ್ಕಿದೆ. 1 ಕಿಲೋ ಹೇರಳೆಗೆ ಎರಡೂವರೆ ಲೀಟರ್ ನೀರು, 1,800 ಗ್ರಾಂ ಸಕ್ಕರೆ. ನಿಂಬೆ ಬೇಡವೇ ಬೇಡ. ಹೆಚ್ಚಿದ ಸಿಪ್ಪೆಯನ್ನು ಮೊದಲು ಬೇರೆ ನೀರಿನಲ್ಲಿ 10 ನಿಮಿಷ ಕುದಿಸಿ ಆ ನೀರು ಚೆಲ್ಲಿ. ಕಹಿ ಹದಕ್ಕೆ ಬರುತ್ತದೆ, ಪೂರ್ತಿ ಹೋಗುವುದಿಲ್ಲ. ಹೋಗಲೂ ಬಾರದು. ಮಾಡಿ ಒಂದು ತಿಂಗಳು ಬಿಟ್ಟು ತಿಂದರೆ ಕಹಿ ಇನ್ನೂ ದುಂಡಗಾಗಿರುತ್ತದೆ.

ಚಕ್ಕೋತದ ಕಹಿ ಬೇರೆ ಥರ. ನರಿಂಜಿನ್ ಅನ್ನುವ ಅಂಶ ಅದರ ಬಿಳಿ ಪದರದಲ್ಲಿ, ತೊಳೆಯ ಪೊರೆಯಲ್ಲಿ ತುಂಬಿಕೊಂಡಿರುತ್ತದೆ. ಹಾಗಾಗಿ ಸಿಪ್ಪೆಯನ್ನು ಎರಡು ಸಲ ಕುದಿಸಿ ನೀರು ಚೆಲ್ಲಬೇಕು. ಬಿಳಿ ಪದರ ಒಂದು ಬೆರಳು ದಪ್ಪ ಇರುತ್ತದೆ, ಅದರಲ್ಲಿ ಕಾಲು ಭಾಗ ಉಳಿಸಿಕೊಂಡು ಮಿಕ್ಕದ್ದನ್ನು ಕೊಯ್ದು ತೆಗೆಯಿರಿ. ತೊಳೆಯ ಪೊರೆ ಸುಲಿದು ಒಳಗಿನ ಕೆಂಪು ಮುತ್ತುಗಳನ್ನು ಮಾತ್ರ ಹಾಕಿ. ಒಂದು ದೊಡ್ಡ ಚಕ್ಕೋತಕ್ಕೆ ಒಂದು ಲೀಟರ್ ನೀರು, ಮೂರು ನಿಂಬೆಯ ರಸ, 700 ಗ್ರಾಂ ಸಕ್ಕರೆ. ಬೆಂದ ಬಿಳಿ ಪದರ ಗಾಜಿನ ಹಾಗೆ ಪಾರದರ್ಶಕವಾಗಿ ಬಾಯಲ್ಲಿ ಕರಗುತ್ತದೆ.

ಗಜನಿಂಬೆಯಲ್ಲಿ ಪೆಕ್ಟಿನ್, ಹುಳಿ ಎರಡೂ ಧಾರಾಳ. ಹೊಸದಾಗಿ ಕಲಿಯುವವರಿಗೆ ಇದು ಸುಲಭ. 1 ಕಿಲೋಗೆ 2 ಲೀಟರ್ ನೀರು, 1,700 ಗ್ರಾಂ ಸಕ್ಕರೆ. ಸಣ್ಣ ನಿಂಬೆಹಣ್ಣಿನದ್ದೂ ಮಾಡಬಹುದು, ಆದರೆ ಅದರ ಸಿಪ್ಪೆ ಬೇಗ ಬಿಗಿಯುತ್ತದೆ. ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ, ಎರಡು ಗಂಟೆ ಬೇಯಿಸಿ.

ಮೂಸಂಬಿ ಒಂದರಲ್ಲೇ ಮಾಡಬೇಡಿ. ಹುಳಿ ಇಲ್ಲ, ರಸ ಬಿಸಿಯಾದರೆ ಒಂದು ಥರ ಒರಟು ಕಹಿ ಬರುತ್ತದೆ. ಮಾದಲದಲ್ಲಿ ರಸ ಬಹಳ ಕಡಿಮೆ, ಸಿಪ್ಪೆಯೇ ಹಣ್ಣು. ಅದನ್ನು ಕಿತ್ತಳೆಗೆ ಹೇರಳೆಯ ಬದಲು ಸೇರಿಸಿದರೆ ಪರಿಮಳ ಅದ್ಭುತ.

ಸಿಪ್ಪೆ ಇಷ್ಟಪಡದ ಮಕ್ಕಳಿಗೆ ಬರೀ ಜೆಲ್ಲಿ ಮಾಡಿ. ಬೆಂದದ್ದನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ ರಾತ್ರಿ ತೂಗುಹಾಕಿ. ಈ ಒಂದು ಬಗೆಯಲ್ಲಿ ಮಾತ್ರ ಹಿಂಡಬಾರದು, ಹಿಂಡಿದರೆ ಮಸುಕಾಗುತ್ತದೆ. ಇಳಿದ ರಸ ಒಂದು ಲೀಟರಿಗೆ 750 ಗ್ರಾಂ ಸಕ್ಕರೆ.

ಇನ್ನು ನಮ್ಮ ಕಡೆಯ ಸಾಂಬಾರ ಪದಾರ್ಥಗಳು. ಹಾಸನದ ಹೊಲಗಳಲ್ಲಿ ಬೆಳೆಯುವ ಎಳೆ ಶುಂಠಿ 60 ಗ್ರಾಂ ಸಣ್ಣಗೆ ಹೆಚ್ಚಿ ಸಿಪ್ಪೆಯ ಜೊತೆಯೇ ಬೇಯಿಸಿದರೆ ಮಳೆಗಾಲಕ್ಕೆ ಹೇಳಿ ಮಾಡಿಸಿದ ಬಾಟಲಿ ಸಿದ್ಧ. ಏಲಕ್ಕಿಯನ್ನು ಮೊದಲೇ ಹಾಕಬೇಡಿ, ಕುದಿಯಲ್ಲಿ ಪರಿಮಳ ಹಾರಿಹೋಗುತ್ತದೆ. ಇಳಿಸಿದ ಮೇಲೆ ಆರು ಕಾಯಿಯ ಕಾಳು ಜಜ್ಜಿ ಕಲಸಿ. ಕಾಳುಮೆಣಸು ಎಂಟು ಕಾಳು ತರಿಯಾಗಿ ಕುಟ್ಟಿ ಹೇರಳೆಗೆ ಹಾಕಿ ನೋಡಿ, ಆಮೇಲೆ ಬಿಡಲು ಮನಸ್ಸಾಗುವುದಿಲ್ಲ.

ಬೆಲ್ಲದ್ದು ಮಾಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಮಾಡಬಹುದು, ಆದರೆ ಪೂರ್ತಿ ಬೆಲ್ಲ ಬೇಡ. ಬೆಲ್ಲ ಮಾಡುವಾಗ ಕಬ್ಬಿನ ಹಾಲಿಗೆ ಸುಣ್ಣ ಹಾಕುತ್ತಾರೆ, ಅದು ಹಣ್ಣಿನ ಹುಳಿಯನ್ನು ಮುರಿಯುತ್ತದೆ. ಹುಳಿ ಮುರಿದರೆ ಜೆಲ್ಲಿ ನಿಲ್ಲುವುದಿಲ್ಲ. ಸಕ್ಕರೆಯ ಕಾಲು ಭಾಗಕ್ಕೆ ಮಾತ್ರ ಬೆಲ್ಲ ಹಾಕಿ, ಇನ್ನೆರಡು ನಿಂಬೆಯ ರಸ ಸೇರಿಸಿ. ಬೆಲ್ಲವನ್ನು ಸ್ವಲ್ಪ ನೀರಲ್ಲಿ ಕರಗಿಸಿ ಸೋಸಲು ಮರೆಯಬೇಡಿ. ಬಣ್ಣ ಕಾಫಿ ಡಿಕಾಕ್ಷನ್‌ನ ಹಾಗೆ ಗಾಢ, ರುಚಿ ಹಳೇ ಆಕ್ಸ್‌ಫರ್ಡ್ ಬಗೆಯದ್ದು.

ಕೆಟ್ಟರೆ ಏನು ಮಾಡುವುದು

ಮೂರು ದಿನವಾದರೂ ನೀರಾಗಿದ್ದರೆ ಎಲ್ಲವನ್ನೂ ಪಾತ್ರೆಗೆ ಸುರಿದು ಎರಡು ನಿಂಬೆಯ ರಸ ಹಾಕಿ, ಮತ್ತೆ ಹದ ಬರುವ ತನಕ ಜೋರಾಗಿ ಕುದಿಸಿ. ಮೊದಲ ಕೆಲವು ನಿಮಿಷದಲ್ಲೇ ಬರುತ್ತದೆ. ಗಟ್ಟಿಯಾಗಿದ್ದರೆ ಬಾಟಲಿಗೆ ಎರಡು ಚಮಚದ ಲೆಕ್ಕದಲ್ಲಿ ಬಿಸಿನೀರು ಸೇರಿಸಿ ಸಣ್ಣ ಉರಿಯಲ್ಲಿ ಕರಗಿಸಿ. ಹೀಗೆ ತಿಳಿ ಮಾಡಿದ್ದನ್ನು ಫ್ರಿಜ್‌ನಲ್ಲಿಟ್ಟು ಬೇಗ ಖರ್ಚು ಮಾಡಿ. ಸಿಪ್ಪೆ ಗಟ್ಟಿಯಾದರೆ ಮಾತ್ರ ದಾರಿ ಇಲ್ಲ. ಅದನ್ನು ಮಿಕ್ಸಿಗೆ ಹಾಕಿ ಕೇಕ್ ಹಿಟ್ಟಿಗೆ ಬಳಸಿ.

ಮೇಲೆ ಬೂಸ್ಟು ಬಂದರೆ ಮೇಲಿನ ಪದರ ತೆಗೆದು ತಿನ್ನುವುದು ಬೇಡ. ಕಣ್ಣಿಗೆ ಕಾಣದ ಬೇರು, ವಿಷ ಕೆಳಗೂ ಇಳಿದಿರಬಹುದು. ಇಡೀ ಬಾಟಲಿ ಎಸೆಯಿರಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಗೂ ಬೂಸ್ಟು ಬರುತ್ತದೆ, ಅಲ್ವಾ? ತೆರೆದ ಬಾಟಲಿ ಫ್ರಿಜ್‌ನಲ್ಲೇ ಇರಲಿ, ಒಣ ಚಮಚ ಮಾತ್ರ ಹಾಕಿ. ಚೆನ್ನಾಗಿ ಮುಚ್ಚಿದ, ತೆರೆಯದ ಬಾಟಲಿ ಕತ್ತಲೆ ಜಾಗದಲ್ಲಿ ಒಂದು ವರ್ಷ ಇರುತ್ತದೆ. ಬಾಟಲಿಯ ಮೇಲೆ ಹಣ್ಣು, ತಿಂಗಳು, ಇಳಿಸಿದ ಡಿಗ್ರಿ ಬರೆದು ಅಂಟಿಸಿ. ಮುಂದಿನ ವರ್ಷ ನಿಮಗೆ ನಿಮ್ಮ ಮನೆಯ ಲೆಕ್ಕವೇ ಸಿಗುತ್ತದೆ.

ಬ್ರೆಡ್ಡಿಗೆ ಮಾತ್ರ ಅಂದುಕೊಳ್ಳಬೇಡಿ. ಬಿಸಿ ಅಕ್ಕಿರೊಟ್ಟಿಯ ಮೇಲೆ ಬೆಣ್ಣೆ, ಅದರ ಮೇಲೆ ಹೇರಳೆ ಮಾರ್ಮಲೇಡ್ ಹಚ್ಚಿ ನೋಡಿ. ನಮ್ಮ ಅತ್ತೆ ನೀರುದೋಸೆಗೆ ಕಾಯಿಬೆಲ್ಲದ ಬದಲು ಇದನ್ನೇ ಕೇಳುತ್ತಾರೆ. ಬಾಟಲಿ ತುಂಬಿದ ಮೇಲೆ ಪಾತ್ರೆಯ ಅಂಚಿಗೆ ಒಂದಷ್ಟು ಅಂಟಿಕೊಂಡಿರುತ್ತದೆ. ಅದನ್ನು ತೊಳೆದು ಚೆಲ್ಲಬೇಡಿ. ಎರಡು ಲೋಟ ಬಿಸಿನೀರು ಹಾಕಿ ಸೌಟಿನಿಂದ ಕದಡಿ, ಒಂದು ಚಿಟಿಕೆ ಉಪ್ಪು ಹಾಕಿ, ಸಿಪ್ಪೆ ಹೆಚ್ಚಿ ಕೈ ಸೋತವರಿಗೆ ಮೊದಲು ಕೊಡಿ.